ಫೋನ್ ಅಮ್ಮನ ಕೈಗೆ ಕೊಡಿ, ಆಮೇಲೆ ಕೇಳಿಸಿಕೊಳ್ಳಿ

ಮೊದಲೇ ಎರಡು ಪ್ರಶ್ನೆ ಕೇಳ್ತೀನಿ. ನಿಮ್ಮ ಮನೇಲಿ ಇಂಟರ್‌ನೆಟ್ ಇರೋ ಫೋನ್ ಯಾರ ಜೇಬಲ್ಲಿ ಇರ್ತದೆ? ಮುಂದಿನ ವರ್ಷದ ಬಿತ್ತನೆಗೆ ಅಂತ ಅವರೆ, ಅಲಸಂದೆ, ಹೀರೆ ಬೀಜ ಆರಿಸಿ ಎತ್ತಿಡೋರು ಯಾರು? ಎರಡಕ್ಕೂ ಒಂದೇ ಹೆಸರು ಬರೋ ಮನೆ ನಾನು ನೋಡಿದ್ದು ಬಹಳ ಕಡಿಮೆ. ಫೋನ್ ಮಗನ ಹತ್ರ, ಬೀಜ ಅಮ್ಮನ ಹತ್ರ. ಮಗ ಜಗಲಿ ಮೇಲೆ ಕೂತು ‘ಬೀಜ ಸಂಗ್ರಹಣೆ ಹೇಗೆ’ ಅಂತ ಯೂಟ್ಯೂಬಲ್ಲಿ ಹುಡುಕ್ತಿರ್ತಾನೆ, ಅಮ್ಮ ಹಿತ್ತಲಲ್ಲಿ ಅದೇ ಕೆಲಸ ಮಾಡ್ತಿರ್ತಾಳೆ.

2019-21ರಲ್ಲಿ ನಡೆದ ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಇದಕ್ಕೊಂದು ಲೆಕ್ಕ ಇದೆ. ತಾವೇ ಬಳಸುವ ಮೊಬೈಲ್ ಇರುವ ಮಹಿಳೆಯರು ದೇಶದಲ್ಲಿ ನೂರಕ್ಕೆ 54. ಹಳ್ಳಿಗಳಲ್ಲಿ ಅದು 47ರ ಆಸುಪಾಸು. ಅಂದ್ರೆ ಹಳ್ಳಿಯ ಅರ್ಧಕ್ಕಿಂತ ಹೆಚ್ಚು ಹೆಂಗಸರ ಕೈಲಿ ಬಟನ್ ಫೋನ್ ಕೂಡ ‘ನನ್ನದು’ ಅಂತ ಇರಲಿಲ್ಲ.

ತೋಟಗಾರಿಕೆ ಬಿ.ಎಸ್ಸಿ. ಓದುವಾಗ ನಮಗೆ ವಿಸ್ತರಣಾ ಶಿಕ್ಷಣ ಅಂತ ಒಂದು ವಿಷಯ ಇತ್ತು. ಅದರ ಚಿತ್ರಗಳಲ್ಲಿ ಬಾಣದ ಗುರುತು ಹೆಚ್ಚಾಗಿ ಒಂದೇ ದಿಕ್ಕಿಗೆ ಹೋಗ್ತಿತ್ತು, ಸಂಶೋಧನಾ ಕೇಂದ್ರದಿಂದ ರೈತನ ಕಡೆಗೆ. ‘ರೈತ’ ಅಂದಾಗ ಪುಸ್ತಕದಲ್ಲಿ ಪೇಟ ಕಟ್ಟಿದ ಗಂಡಸಿನ ಚಿತ್ರ. ಸಾವಯವಕ್ಕೆ ಇಳಿದ ಮೇಲೆ ನನಗೆ ನಿಜವಾಗಿ ಬೇಕಾದ ಮಾಹಿತಿಯಲ್ಲಿ ಅರ್ಧ ಬಂದದ್ದು ಊರಿನ ಹೆಂಗಸರಿಂದ. ಹಾಗಾಗಿ ಈ ವಾರ ಹೊಸ ಆ್ಯಪ್ ಬಗ್ಗೆ ಬರೆಯೋದಿಲ್ಲ. ನಿಮ್ಮ ಕೈಲಿರೋ ಫೋನಲ್ಲೇ ಮನೆಯ ಹೆಂಗಸರು ಕಲಿಯೋದು, ಅದಕ್ಕಿಂತ ಮುಖ್ಯವಾಗಿ ಕಲಿಸೋದು ಹೇಗೆ ಅಂತ ಬರೀತೀನಿ. ಇದನ್ನ ಚೆನ್ನಾಗಿ ಮಾಡಿ ತೋರಿಸಿದ ಜಾಗಗಳು ನಮಗೆ ಹತ್ತಿರದಲ್ಲೇ ಇವೆ.

ತೇನಿಯ ಆಡು ಸಾಕುವ ಹೆಂಗಸರು

ತಮಿಳುನಾಡಿನ ತೇನಿ ಜಿಲ್ಲೆಯಲ್ಲಿ ‘ವಿಡಿಯಲ್’ ಅಂತ ಒಂದು ಸಂಸ್ಥೆ. ಆ ಹೆಸರಿನ ಅರ್ಥ ಬೆಳಗು. ಸ್ಮಾರ್ಟ್‌ಫೋನ್ ಹಳ್ಳಿಗೆ ಬರೋಕೆ ಮೊದಲಿನ ಮಾತು ಇದು. ಈ ಸಂಸ್ಥೆಯ ಸ್ವಸಹಾಯ ಗುಂಪುಗಳ ಸುಮಾರು 300 ಹೆಂಗಸರು ಆಡು ಸಾಕಣೆಗೆ ಬ್ಯಾಂಕ್ ಸಾಲ ಪಡೆದರು. ಸಾಲದ ಲೆಕ್ಕದಲ್ಲೇ ಒಂದು ಮೊಬೈಲ್ ಕೂಡ ಸೇರಿತ್ತು. ಹಿಂದೆ ನಿಂತದ್ದು ಕಾಮನ್‌ವೆಲ್ತ್ ಆಫ್ ಲರ್ನಿಂಗ್ ಎಂಬ ಅಂತರರಾಷ್ಟ್ರೀಯ ಸಂಸ್ಥೆಯ ‘ರೈತರಿಗೆ ಜೀವನವಿಡೀ ಕಲಿಕೆ’ ಕಾರ್ಯಕ್ರಮ. ಅದರ ಅಧ್ಯಯನ ವರದಿ 2010ರಲ್ಲಿ ದೂರಶಿಕ್ಷಣದ ಒಂದು ಅಂತರರಾಷ್ಟ್ರೀಯ ಪತ್ರಿಕೆಯಲ್ಲಿ ಬಂತು.

ಪಾಠ ಅಂದ್ರೆ ಬರೀ ಧ್ವನಿ. ಫೋನ್ ರಿಂಗ್ ಆಗ್ತದೆ, ಎತ್ತಿದರೆ ತಮಿಳಿನಲ್ಲಿ ಚುಟುಕಾದ ಮಾತು: ಆಡು ಕೊಳ್ಳುವಾಗ ಏನು ನೋಡಬೇಕು, ಮೇವು ಹೇಗೆ, ರೋಗದ ಲಕ್ಷಣ ಯಾವುದು, ಹೀಗೆ. ಅಷ್ಟೇ. ಓದೋಕೆ ಬರಬೇಕಿಲ್ಲ, ತರಗತಿಗೆ ಹೋಗಬೇಕಿಲ್ಲ. ಆಡು ಮೇಯಿಸ್ತಾ ಕೇಳಬಹುದು.

ಇದರ ಬೆಲೆ ಗೊತ್ತಾಗಬೇಕಾದರೆ ಹಳೇ ವಯಸ್ಕರ ಶಿಕ್ಷಣವನ್ನ ನೆನಪು ಮಾಡ್ಕೊಳ್ಳಿ. 1988ರಲ್ಲಿ ರಾಷ್ಟ್ರೀಯ ಸಾಕ್ಷರತಾ ಮಿಷನ್ ಶುರುವಾದ ಮೇಲೆ ನಮ್ಮ ಅಜ್ಜಿ, ದೊಡ್ಡಮ್ಮಂದಿರ ಪೀಳಿಗೆ ರಾತ್ರಿ ಹೊತ್ತು ಸ್ಲೇಟು ಹಿಡಿದು ಕೂತರು. ದೊಡ್ಡ ಕೆಲಸ ಅದು, ಹಗುರವಾಗಿ ಮಾತಾಡಬಾರದು. ಆದರೆ ಹೊಲದ ಕೆಲಸ, ಅಡುಗೆ, ದನ ಎಲ್ಲಾ ಮುಗಿಸಿ ಸುಸ್ತಾದ ಮೇಲೆ ಕಲಿಕೆ ಶುರುವಾಗ್ತಿತ್ತು. ಕಲಿತ ಅಕ್ಷರಕ್ಕೆ ಮನೇಲಿ ಓದೋ ವಸ್ತುವೇ ಇರಲಿಲ್ಲ. ರುಜು ಉಳೀತು, ಓದು ಹೋಯ್ತು. ತೇನಿಯಲ್ಲಿ ಕಲಿಕೆ ಕೆಲಸದ ಜಾಗಕ್ಕೇ ಬಂತು. ಕಲಿತದ್ದನ್ನ ಆವತ್ತೇ ಎದುರಿಗಿರೋ ಆಡಿನ ಮೇಲೆ ಪರೀಕ್ಷೆ ಮಾಡಬಹುದಿತ್ತು. ಸಾಲ ತೀರಿಸಬೇಕು, ಹಾಗಾಗಿ ಕೇಳಿದ ಮಾತನ್ನ ಮರೆಯೋ ಹಾಗೂ ಇಲ್ಲ! ದೊಡ್ಡವರ ಕಲಿಕೆಗೆ ಅವಸರ ಅನ್ನೋದು ಒಳ್ಳೇ ಮೇಷ್ಟ್ರು ಅಂತ ನನ್ನ ಅಭಿಪ್ರಾಯ.

‘ಆ ಯಮ್ಮ ಯಾವೂರೋರು?’

ಧ್ವನಿಯ ಪಾಠ ಸರಿ. ಆದರೆ ಯಾರ ಧ್ವನಿ? ಇದಕ್ಕೆ ಉತ್ತರ ನಮ್ಮ ರಾಜ್ಯದಲ್ಲೇ ಸಿಕ್ಕಿದೆ.

‘ಡಿಜಿಟಲ್ ಗ್ರೀನ್’ ಹೆಸರು ನಿಮ್ಮಲ್ಲಿ ಕೆಲವರು ಕೇಳಿರಬಹುದು. 2006ರಲ್ಲಿ ಬೆಂಗಳೂರಿನ ಮೈಕ್ರೋಸಾಫ್ಟ್ ರಿಸರ್ಚ್‌ನಲ್ಲಿ ರಿಕಿನ್ ಗಾಂಧಿ ಮತ್ತು ಜೊತೆಗಾರರು ಶುರು ಮಾಡಿದ ಪ್ರಯೋಗ. ಮೊದಲ ದಿನಗಳಲ್ಲಿ ಜೊತೆಗಿದ್ದದ್ದು ದೇಸಿ ಬೀಜ ಉಳಿಸುವ ಕೆಲಸ ಮಾಡ್ತಿದ್ದ ವನಜಾ ರಾಮಪ್ರಸಾದ್ ಅವರ ಗ್ರೀನ್ ಫೌಂಡೇಶನ್. 16 ಹಳ್ಳಿ, 13 ತಿಂಗಳು. ಊರಿನ ರೈತರನ್ನೇ ಅವರ ಹೊಲದಲ್ಲೇ ಚಿತ್ರೀಕರಿಸಿ, ಅದನ್ನ ಊರಿನ ಗುಂಪಿಗೆ ತೋರಿಸಿ, ನಡುನಡುವೆ ವಿಡಿಯೊ ನಿಲ್ಲಿಸಿ ಚರ್ಚೆ ಮಾಡಿಸೋದು. ಮಾಮೂಲಿ ಭೇಟಿ-ತರಬೇತಿ ಪದ್ಧತಿಗೆ ಹೋಲಿಸಿದರೆ ಕೆಲವು ಪದ್ಧತಿಗಳನ್ನ ರೈತರು ಅಳವಡಿಸಿಕೊಂಡ ಪ್ರಮಾಣ ಏಳು ಪಟ್ಟು ಅಂತ ಅವರ ವರದಿ ಹೇಳ್ತದೆ.

ಆ ಏಳು ಪಟ್ಟಿಗಿಂತ ನನಗೆ ಹಿಡಿಸಿದ್ದು ಇನ್ನೊಂದು ಸಂಗತಿ. ವಿಡಿಯೊ ನೋಡಿದ ರೈತರು ಮೊದಲು ಕೇಳ್ತಿದ್ದದ್ದು ಗೊಬ್ಬರದ ಪ್ರಮಾಣವನ್ನಲ್ಲ. ತೆರೆ ಮೇಲಿರೋರ ಹೆಸರೇನು, ಅವರು ಯಾವ ಊರಿನೋರು ಅಂತ. ನಮ್ಮೂರಲ್ಲಿ ನಾನೂ ಇದನ್ನ ನೋಡಿದೀನಿ. ಇಸ್ತ್ರಿ ಅಂಗಿ ಹಾಕ್ಕೊಂಡು ಮೈಕ್ ಹಿಡಿದು ‘ರೈತ ಬಾಂಧವರೇ’ ಅಂತ ಶುರು ಮಾಡೋ ವಿಡಿಯೊ ಬಂದ್ರೆ ಹೆಂಗಸರು ಎರಡನೇ ನಿಮಿಷಕ್ಕೆ ಎದ್ದು ಹೋಗ್ತಾರೆ. ಅದೇ ಪಕ್ಕದ ಹೋಬಳಿಯ ಒಬ್ಬಾಕೆ ತನ್ನ ಬದನೆ ಗಿಡದ ಮುಂದೆ ನಿಂತು ತನ್ನ ಮಾತಲ್ಲಿ ಹೇಳಿದರೆ ಕತ್ತು ಮುಂದೆ ಬರ್ತದೆ. ‘ಆ ಯಮ್ಮ ಯಾವೂರೋರು?’ ಅನ್ನೋ ಪ್ರಶ್ನೆ ಬಂತು ಅಂದ್ರೆ ಪಾಠ ಶುರುವಾಯ್ತು ಅಂತ.

ಬೀದರಿನ ಪಕ್ಕದ ಪಾಠಶಾಲೆ

ಬೀದರಿನಿಂದ ಗಡಿ ದಾಟಿದರೆ ಸಿಗೋ ಊರು ತೆಲಂಗಾಣದ ಜಹೀರಾಬಾದ್. ಅಲ್ಲೇ ಹತ್ತಿರದ ಪಸ್ತಾಪುರದಲ್ಲಿ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿ ಇದೆ. 1983ರಿಂದ ಕೆಲಸ ಮಾಡ್ತಿದೆ. ಇದನ್ನ ಕಟ್ಟಿದವರಲ್ಲಿ ಮುಖ್ಯರಾದ ಪಿ.ವಿ. ಸತೀಶ್ ನಮ್ಮ ಮೈಸೂರಿನಲ್ಲಿ ಹುಟ್ಟಿದವರು, ದೂರದರ್ಶನದಲ್ಲಿ ಕಾರ್ಯಕ್ರಮ ಮಾಡ್ತಿದ್ದವರು. 2023ರ ಮಾರ್ಚ್‌ನಲ್ಲಿ ತೀರಿಕೊಂಡರು. ಹಳ್ಳಿ ಹಳ್ಳಿಯಲ್ಲಿ ಹೆಂಗಸರ ಸಂಘಗಳು. ಹೆಚ್ಚಿನವರು ದಲಿತ ಕುಟುಂಬದವರು, ತುಂಡು ಒಣಭೂಮಿ ಇರೋರು. ಸಿರಿಧಾನ್ಯ, ಬೇಳೆಕಾಳು, ಎಣ್ಣೆಕಾಳು ಬೆರೆಸಿ ಬಿತ್ತೋದು ಅವರ ಪದ್ಧತಿ. ನಮ್ಮ ರಾಗಿ ಹೊಲದ ಅಕ್ಕಡಿ ಸಾಲು ನೋಡಿದೋರಿಗೆ ಇದು ಬೇಗ ಅರ್ಥ ಆಗ್ತದೆ. ಬೀಜ ಮನೆಮನೇಲೂ, ಸಂಘದ ಬೀಜ ಬ್ಯಾಂಕಲ್ಲೂ ಇರ್ತದೆ.

ಈ ಹೆಂಗಸರು 1990ರ ದಶಕದ ಕೊನೆಗೆ ವಿಡಿಯೊ ಕ್ಯಾಮೆರಾ ಕಲಿತರು. ಶಾಲೆ ಮೆಟ್ಟಿಲು ಹತ್ತದವರೂ ಅವರಲ್ಲಿದ್ದರು. ಕ್ಯಾಮೆರಾ ಕೋನಗಳಿಗೆ ಪುಸ್ತಕದ ಹೆಸರು ಬಿಟ್ಟು ತಮ್ಮದೇ ಹೆಸರು ಇಟ್ಟುಕೊಂಡರು. ಮೇಲಿಂದ ಕೆಳಕ್ಕೆ ನೋಡೋದು ‘ಪಟೇಲ್ ಶಾಟ್’. ಊರ ಪಟೇಲ ಕೂಲಿಯವರನ್ನ ನೋಡೋದು ಹಾಗೇ ಅಲ್ವಾ. ಕಣ್ಣಿಗೆ ಕಣ್ಣು ಸಮ ಇಟ್ಟು ತೆಗೆಯೋದು ‘ಸಂಘಂ ಶಾಟ್’. ಸಂಘದ ಸಭೆಯಲ್ಲಿ ಎಲ್ಲರೂ ನೆಲದ ಮೇಲೆ ಒಂದೇ ಮಟ್ಟದಲ್ಲಿ ಕೂರ್ತಾರೆ, ಅದಕ್ಕೆ. ಮೊಬೈಲ್ ಹಿಡಿದು ಅಮ್ಮನ ವಿಡಿಯೊ ಮಾಡೋ ಹುಡುಗರು ಇದೊಂದನ್ನ ಇಲ್ಲಿಂದ ತಗೊಳ್ಳಿ. ಅಮ್ಮ ಕೂತು ಕಾಳು ಕೇರ್ತಿರೋವಾಗ ನಿಂತುಕೊಂಡು ಮೇಲಿಂದ ತೆಗೀಬೇಡಿ. ಪಕ್ಕದಲ್ಲಿ ಕೂತುಕೊಳ್ಳಿ. ಆಗ ಮೊರದಲ್ಲಿ ಕಾಳು ಯಾವ ಕಡೆ ಸರೀತದೆ, ಜಳ್ಳು ಯಾವ ಕಡೆ ಹೋಗ್ತದೆ ಅನ್ನೋದು ಫೋನಿಗೂ ಕಾಣ್ತದೆ.

2003ರಲ್ಲಿ ಇದೇ ತಂಡ ವಾರಂಗಲ್ಲಿನ ರೈತರ ಬಿಟಿ ಹತ್ತಿ ಅನುಭವದ ಬಗ್ಗೆ ಮಾಡಿದ ಚಿತ್ರ ಬಹಳ ಕಡೆ ಚರ್ಚೆ ಆಯ್ತು. 2008ರ ಅಕ್ಟೋಬರ್‌ನಲ್ಲಿ ಮಾಚನೂರಿನಲ್ಲಿ ‘ಸಂಘಂ ರೇಡಿಯೊ’ ಶುರುವಾಯ್ತು, ನಡೆಸಿದ್ದು ಜನರಲ್ ನರಸಮ್ಮ, ಅಲ್ಗೋಲ್ ನರಸಮ್ಮ ಅನ್ನೋ ಇಬ್ಬರು ಹಳ್ಳಿ ಹೆಂಗಸರು. ಬಿತ್ತನೆ, ಬೀಜ, ಮನೆಮದ್ದು, ಹಾಡು ಎಲ್ಲಾ ಅವರದೇ ಭಾಷೆಯಲ್ಲಿ. 2019ರಲ್ಲಿ ಸೊಸೈಟಿಗೆ ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮ ಕೊಡುವ ಈಕ್ವೇಟರ್ ಪ್ರಶಸ್ತಿ ಬಂತು.

ಅವರಿಗೆ ಕ್ಯಾಮೆರಾ, ರೇಡಿಯೊ ಸ್ಟೇಷನ್ ಬೇಕಾಯ್ತು. ಎರಡೂ ಸೇರಿದ ಯಂತ್ರ ಇವತ್ತು ನಿಮ್ಮ ಜೇಬಲ್ಲಿದೆ.

ಹಿಡಿ ಅಂದ್ರೆ ಎಷ್ಟು ಗ್ರಾಂ?

ಈಗ ಕಷ್ಟದ ಭಾಗಕ್ಕೆ ಬರೋಣ. ‘ಅಜ್ಜಿ ಹೇಳಿದ್ದೆಲ್ಲಾ ಸರಿ’ ಅನ್ನೋ ಪಂಗಡಕ್ಕೆ ನಾನು ಸೇರಿದವನಲ್ಲ. ವಾಟ್ಸಾಪಲ್ಲಿ ತಿರುಗೋ ‘ರಾಮಬಾಣ’ಗಳಿಂದ ದನ ಕಳ್ಕೊಂಡೋರನ್ನ ನೋಡಿದೀನಿ. ಹೆಂಗಸರ ತಿಳಿವಳಿಕೆಯನ್ನ ಪೂಜೆ ಮಾಡೋದೂ ಬೇಡ, ಮೂಢನಂಬಿಕೆ ಅಂತ ತಳ್ಳೋದೂ ಬೇಡ. ತೂಗಿ ನೋಡೋಣ, ತಕ್ಕಡೀಲೇ.

ಕೆಚ್ಚಲು ಬಾವು ತಗೊಳ್ಳಿ. ಹಸು ಸಾಕಿದ ಮನೆಗಳಲ್ಲಿ ಲೋಳೆಸರ, ಅರಿಶಿನ, ಸುಣ್ಣ ಹಚ್ಚೋದು ಹಳೇ ವಾಡಿಕೆ. ಎಷ್ಟು ಅಂದ್ರೆ ‘ಒಂದು ಹಿಡಿ, ಒಂದು ಚೂರು, ಬಣ್ಣ ಕೆಂಪಾಗೋವಷ್ಟು’. ತಮಿಳುನಾಡು ಪಶುವೈದ್ಯ ವಿಶ್ವವಿದ್ಯಾಲಯದ ವಿಜ್ಞಾನಿ ಪುಣ್ಯಮೂರ್ತಿ, ಬೆಂಗಳೂರು ಯಲಹಂಕದ ಟ್ರಾನ್ಸ್‌-ಡಿಸಿಪ್ಲಿನರಿ ವಿಶ್ವವಿದ್ಯಾಲಯದವರು ಇಂಥ ಮದ್ದುಗಳನ್ನ ಪರಿಶೀಲಿಸಿ ಅಳತೆ ಗೊತ್ತುಮಾಡಿದರು. ರಾಷ್ಟ್ರೀಯ ಹೈನು ಅಭಿವೃದ್ಧಿ ಮಂಡಳಿ (ಎನ್‌ಡಿಡಿಬಿ) ಅದನ್ನ ಹೈನುಗಾರರಿಗೆ ಪ್ರಚಾರ ಮಾಡ್ತಿದೆ. ಅಳತೆ ಹೀಗೆ: ಲೋಳೆಸರ 250 ಗ್ರಾಂ, ಅರಿಶಿನ 50 ಗ್ರಾಂ, ಸುಣ್ಣ 15 ಗ್ರಾಂ. ಮೂರನ್ನೂ ರುಬ್ಬಿದರೆ ಕೆಂಪು ಬಣ್ಣ ಬರ್ತದೆ. ಕೆಚ್ಚಲು ತೊಳೆದು, ಇರೋ ಹಾಲನ್ನ ಪೂರ್ತಿ ಕರೆದು ಹಾಕಿ, ಒಂದು ಹಿಡಿ ಲೇಪಕ್ಕೆ 150-200 ಮಿ.ಲೀ. ನೀರು ಬೆರೆಸಿ ಕೆಚ್ಚಲಿಗೆಲ್ಲಾ ಹಚ್ಚಬೇಕು. ದಿನಕ್ಕೆ ಎಂಟು-ಹತ್ತು ಸಲ, ಐದು ದಿನ. ಲೇಪ ದಿನಾ ಹೊಸದಾಗಿ ಮಾಡ್ಕೋಬೇಕು. ಜ್ವರ ಇದ್ರೆ, ಮೇವು ಬಿಟ್ಟಿದ್ರೆ ಅಥವಾ ಹಾಲಲ್ಲಿ ರಕ್ತ ಕಂಡ್ರೆ ಕಾಯಬೇಡಿ, ಪಶುವೈದ್ಯರನ್ನ ಕರೀರಿ.

ಇಲ್ಲಿ ‘ದಿನಕ್ಕೆ ಹತ್ತು ಸಲ’ ಅನ್ನೋದನ್ನ ಇನ್ನೊಂದು ಸಲ ಓದಿ. ಅಷ್ಟು ಸಲ ಕೊಟ್ಟಿಗೆಗೆ ಹೋಗೋರು ಯಾರು? ನೀವು ಬೈಕಲ್ಲಿ ಪೇಟೆಗೆ ಹೋಗಿರ್ತೀರಿ. ಈ ವಿಡಿಯೊ ನಿಮ್ಮ ಫೋನಲ್ಲಿ ಇದ್ದು, ಅಮ್ಮನಿಗೋ ಹೆಂಡತಿಗೋ ತಲುಪದೇ ಹೋದ್ರೆ ಹಸುವಿಗೆ ಏನೂ ಲಾಭ ಇಲ್ಲ.

ಬೀಜದ ವಿಷಯಾನೂ ಹಾಗೇ. ತೊಗರಿಗೆ ಕೆಮ್ಮಣ್ಣು ಕಟ್ಟೋದು, ಹೆಸರು-ಅಲಸಂದೆಗೆ ಒಲೆ ಬೂದಿ ಬೆರೆಸೋದು, ಸೋರೆ ಬುರುಡೆಯಲ್ಲಿ ಬೀಜ ತುಂಬಿ ಒಲೆ ಮೇಲಿನ ಹೊಗೇಲಿ ನೇತುಹಾಕೋದು ನಿಮ್ಮಲ್ಲೂ ಇರಬಹುದು. ಬೂದಿ ಯಾಕೆ ಕೆಲಸ ಮಾಡ್ತದೆ ಅಂದ್ರೆ, ಅದು ಕಾಳಿನ ಸಂದು ತುಂಬಿ ಹುಳದ ಓಡಾಟ ತಡೀತದೆ; ಜೊತೆಗೆ ಹುಳದ ಮೈಮೇಲಿರೋ ತೆಳು ಮೇಣದ ಪದರವನ್ನ ಉಜ್ಜಿ ತೆಗೀತದೆ, ಮೈನೀರು ಆರಿ ಹುಳ ಸಾಯ್ತದೆ. ಕಾರಣ ಪುಸ್ತಕದಿಂದ ನನಗೆ ಗೊತ್ತು. ಬೂದಿ ಯಾವ ಸೌದೆಯದ್ದಾಗಿರಬೇಕು, ಎಷ್ಟು ನುಣ್ಣಗೆ ಜರಡಿ ಹಿಡೀಬೇಕು, ಕಾಳು ಹಲ್ಲಿಗೆ ಕಚ್ಚಿದಾಗ ಯಾವ ಸದ್ದು ಬಂದ್ರೆ ಒಣಗಿದೆ ಅನ್ನೋದು ಅವರಿಗೆ ಗೊತ್ತು. ಎರಡೂ ಒಂದೇ ವಿಡಿಯೊದಲ್ಲಿ ಬಂದ್ರೆ ಅದು ಪೂರ್ತಿ ಪಾಠ.

ಉತ್ತರ ಕನ್ನಡದ ಅಂಕೋಲಾ ತಾಲ್ಲೂಕಿನ ಹೊನ್ನಳ್ಳಿಯ ತುಳಸಿ ಗೌಡ ಶಾಲೆಗೆ ಹೋದವರಲ್ಲ. ಅರಣ್ಯ ಇಲಾಖೆಯ ನರ್ಸರಿಯಲ್ಲಿ ದುಡಿದು, ಯಾವ ಜಾತಿಯ ಬೀಜವನ್ನ ಯಾವ ತಾಯಿಮರದಿಂದ ಯಾವಾಗ ತರಬೇಕು ಅನ್ನೋದನ್ನ ಬಲ್ಲವರು ಅಂತ ಹೆಸರಾದರು, ಪದ್ಮಶ್ರೀ ಬಂತು. 2024ರ ಡಿಸೆಂಬರ್‌ನಲ್ಲಿ ತೀರಿಕೊಂಡರು. ಪ್ರಶಸ್ತಿ ಬರದ, ಯಾರೂ ಹೆಸರು ಕೇಳದ ಇಂಥವರು ಪ್ರತಿ ಊರಲ್ಲೂ ಇಬ್ಬರು ಮೂವರು ಇರ್ತಾರೆ. ಎಪ್ಪತ್ತು ದಾಟಿರ್ತಾರೆ.

ಮಾಡೋದು ಹೇಗೆ

ನಮ್ಮೂರಲ್ಲಿ ಹನ್ನೊಂದು ಜನ ಹೆಂಗಸರ ಒಂದು ವಾಟ್ಸಾಪ್ ಗುಂಪು ಎರಡು ವರ್ಷದಿಂದ ನಡೀತಿದೆ. ನಾನು ಅಡ್ಮಿನ್ ಅಲ್ಲ. ಅಡ್ಮಿನ್ ಸಂಘದ ಪುಸ್ತಕ ಬರೆಯೋ ಅಕ್ಕ. ಗಂಡಸರು ಇರೋ ಗುಂಪಲ್ಲಿ ಹೆಂಗಸರು ಧ್ವನಿ ಸಂದೇಶ ಕಳಿಸೋದಿಲ್ಲ, ಬರೀ ಕೈಮುಗಿದ ಚಿತ್ರ ಕಳಿಸ್ತಾರೆ. ಇದನ್ನ ಮೊದಲೇ ತಿಳ್ಕೊಂಡ್ರೆ ಅರ್ಧ ಕೆಲಸ ಆದ ಹಾಗೆ.

ಗುಂಪು ಚಿಕ್ಕದಿರಲಿ, ಒಬ್ಬರಿಗೊಬ್ಬರು ಗುರುತಿರಲಿ. ಬರಹ ಬೇಡ, ಧ್ವನಿ ಸಾಕು. ಒಂದು ನಿಮಿಷ ದಾಟಬಾರದು, ಒಂದು ಸಂದೇಶಕ್ಕೆ ಒಂದೇ ವಿಷಯ. ಕೊನೇಲಿ ಒಂದು ಪ್ರಶ್ನೆ ಇಡಿ: ‘ನಿಮ್ಮಲ್ಲಿ ಈ ಹುಳಕ್ಕೆ ಏನಂತೀರಿ?’ ಅಂದ್ರೆ ಸಾಕು, ಐದು ಉತ್ತರ ಬರ್ತವೆ. ಹೆಸರು ಗೊತ್ತಾದ್ರೆ ಪರಿಹಾರ ಹುಡುಕೋದು ಸುಲಭ. ಹೊತ್ತು ಮುಖ್ಯ. ನಮ್ಮಲ್ಲಿ ಹಾಲು ಡೇರಿಗೆ ಹಾಕಿ ಬಂದ ಮೇಲೆ, ಬೆಳಿಗ್ಗೆ ಏಳೂವರೆ ಸುಮಾರಿಗೆ. ಧಾರಾವಾಹಿ ಹೊತ್ತಲ್ಲಿ ಏನು ಕಳಿಸಿದ್ರೂ ದಂಡ.

ಅಮ್ಮನನ್ನ ಕೂರಿಸಿ ‘ನಿನಗೆ ಗೊತ್ತಿರೋದೆಲ್ಲಾ ಹೇಳು’ ಅಂದ್ರೆ ‘ನಂಗೇನು ಗೊತ್ತು, ಹೋಗಪ್ಪ’ ಅಂತಾಳೆ. ಕೆಲಸ ನಡೀತಿರೋವಾಗ ಕೇಳಬೇಕು. ಬೀಜದ ಬದನೆಕಾಯಿ ಆರಿಸ್ತಿರೋವಾಗ ‘ಇದನ್ನ ಬಿಟ್ಟು ಅದನ್ನ ಯಾಕೆ ಕಿತ್ತೆ?’ ಅಂತ ಕೇಳಿ ರೆಕಾರ್ಡ್ ಒತ್ತಿ. ಕೈಗೆ ಗೊತ್ತಿರೋದು ಕೈ ಆಡುವಾಗಲೇ ಬಾಯಿಗೆ ಬರೋದು.

‘ಹಿಡಿ’ ಅಂದ್ರೆ ಆಗಲೇ ಅಡುಗೆಮನೆ ತಕ್ಕಡೀಲಿ ತೂಗಿ, ಸಂಖ್ಯೆಯನ್ನೂ ಅದೇ ರೆಕಾರ್ಡಲ್ಲಿ ಹೇಳಿಸಿ. ‘ಆರಿದ್ರಾ ಮಳೇಲಿ ಹಾಕ್ಬೇಕು’ ಅಂದ್ರೆ ಹಾಗೇ ಇಟ್ಟುಕೊಳ್ಳಿ, ಪಕ್ಕದಲ್ಲಿ ಜೂನ್ 22ರಿಂದ ಜುಲೈ 5ರ ಸುಮಾರು ಅಂತ ಬರೆದುಕೊಳ್ಳಿ. ಮಳೆ ನಕ್ಷತ್ರ ತೆಗೆದುಹಾಕಿ ಬರೀ ತಾರೀಕು ಇಟ್ಟರೆ ಆ ಮಾತಿನ ಹಿಂದಿರೋ ಮಣ್ಣಿನ ಹದದ ಲೆಕ್ಕವೇ ಹೋಗಿಬಿಡ್ತದೆ. ಫೈಲಿಗೆ ಬೆಳೆ, ಹೇಳಿದವರ ಹೆಸರು, ಊರು, ತಿಂಗಳು ಹಾಕಿ ಫೋನಿನ ಹೊರಗೆ ಇನ್ನೊಂದು ಕಡೆ ಉಳಿಸಿ. ಮೆಮೊರಿ ತುಂಬಿತು ಅಂತ ಹುಡುಗರು ಮೊದಲು ಅಳಿಸೋದು ಇಂಥದ್ದನ್ನೇ.

ಯೂಟ್ಯೂಬಿಗೆ ಹಾಕೋ ಮುಂಚೆ ಅವರನ್ನ ಕೇಳಿ. ಹಾಕಿದರೆ ಅವರ ಹೆಸರು ಹಾಕಿ, ‘ನಮ್ಮ ಅಜ್ಜಿ’ ಅಂತ ಮಾತ್ರ ಬೇಡ. ನಿಮ್ಮೂರಲ್ಲೇ ಉಳಿದಿರೋ ವಿಶೇಷ ತಳಿ ಇದ್ರೆ, 2001ರ ಸಸ್ಯ ತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆಯಲ್ಲಿ ಅದನ್ನ ರೈತ ತಳಿ ಅಂತ ನೋಂದಾಯಿಸಬಹುದು, ರೈತರಿಗೆ ಶುಲ್ಕ ಇಲ್ಲ. 2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಪಂಚಾಯ್ತಿ ಮಟ್ಟದ ಜೀವವೈವಿಧ್ಯ ನಿರ್ವಹಣಾ ಸಮಿತಿ ಇಂಥ ತಿಳಿವಳಿಕೆಯನ್ನ ಜನತಾ ಜೀವವೈವಿಧ್ಯ ದಾಖಲಾತಿಯಲ್ಲಿ ಬರೆದಿಡಬೇಕು. ಎಷ್ಟೋ ಕಡೆ ಅದನ್ನ ಬರೆಯೋವಾಗ ಹೆಂಗಸರನ್ನ ಕೇಳಿರೋದೇ ಇಲ್ಲ. ನಿಮ್ಮ ಹತ್ರ ರೆಕಾರ್ಡಿಂಗ್ ಇದ್ರೆ ಪಂಚಾಯ್ತಿಗೆ ಹೋಗಿ ಪುಸ್ತಕ ತೋರಿಸಿ ಅನ್ನೋಕೆ ಧೈರ್ಯ ಬರ್ತದೆ.

ಇನ್ನೊಂದು ಸಣ್ಣ ಕೆಲಸ, ಇವತ್ತೇ ಮಾಡಬಹುದು. ಕಿಸಾನ್ ಕಾಲ್ ಸೆಂಟರ್ 1800-180-1551 ಉಚಿತ ನಂಬರ್, ಬೆಳಿಗ್ಗೆ 6ರಿಂದ ರಾತ್ರಿ 10ರವರೆಗೆ, ಕನ್ನಡದಲ್ಲೇ ಮಾತಾಡ್ತಾರೆ. ಇದನ್ನ, ಪಶುವೈದ್ಯರ ನಂಬರನ್ನ ಅಮ್ಮನ ಫೋನಲ್ಲಿ ಹಾಕಿಕೊಡಿ. ಓದೋಕೆ ಬರದಿದ್ರೆ ಕಾಂಟ್ಯಾಕ್ಟಿಗೆ ಹೆಸರಿನ ಜೊತೆ ಚಿತ್ರ ಹಾಕಿ, ಡಾಕ್ಟ್ರಿಗೆ ಹಸು, ಕಾಲ್ ಸೆಂಟರಿಗೆ ಎಲೆ. ಮೊದಲ ಸಲ ನಿಮ್ಮ ಎದುರಿಗೇ ಅವರ ಕೈಲೇ ಫೋನ್ ಮಾಡಿಸಿ. ನಡುವೆ ಬಾಯಿ ಹಾಕಬೇಡಿ.